ಶೆಡ್ಡಿಗೆ ಬಳಿದ ತುಕ್ಕು

ಕೊಳೆ ಮಾಡುವುದು ನನ್ನ ಕೆಲಸ. ಹೇಳಿದರೆ ಜನ ನಗುತ್ತಾರೆ, ಆದರೆ ಹದಿನೈದು ವರ್ಷದಿಂದ ನನಗೆ ಸಂಬಳ ಬರುತ್ತಿರುವುದು ಅದಕ್ಕೇ. ವೈಟ್‌ಫೀಲ್ಡಿನ ಒಂದು ಗಾಜಿನ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಕೂತು, ಹೊರದೇಶದ ಕಂಪನಿಗಳ ವಿಡಿಯೋ ಗೇಮುಗಳಿಗೆ ಗೋಡೆ, ಚರಂಡಿ, ಕಬ್ಬಿಣದ ಬಾಗಿಲು, ಒದ್ದೆ ರಸ್ತೆ ಇಂಥವುಗಳ ಮೇಲ್ಮೈ ಬಿಡಿಸುತ್ತೇನೆ. ಗೋಡೆಯ ಆಕಾರವನ್ನು ಬೇರೆಯವರು ಕಟ್ಟಿ ಕಳಿಸುತ್ತಾರೆ. ಬಂದಾಗ ಅದು ಬರೀ ಥರ್ಮಕೋಲ್ ಹಾಗೆ ಬೆಳ್ಳಗಿರುತ್ತದೆ. ಅದಕ್ಕೆ ಇಟ್ಟಿಗೆಯ ಬಣ್ಣ, ಸುಣ್ಣ ಉದುರಿದ ಗುರುತು, ಮಳೆನೀರು ಇಳಿದ ಕಪ್ಪು ಗೆರೆ, ಮೂಲೆಯ ಪಾಚಿ ಎಲ್ಲ ಹಚ್ಚಿ, ಇದು ಐವತ್ತು ವರ್ಷದ ಗೋಡೆ ಎಂದು ನಂಬಿಸುವವಳು ನಾನು. ಎಲ್ಲ ಮುಗಿದ ಮೇಲೆ ಕೊನೆಗೊಂದು ಸುತ್ತು ಕೊಳೆ ಬಳಿಯುವುದಿದೆ. ಆಫೀಸಿನಲ್ಲಿ ಅದಕ್ಕೆ ಡರ್ಟ್ ಪಾಸ್ ಅನ್ನುತ್ತಾರೆ.

ಈ ಗೇಮುಗಳಿಗೆ ಓಪನ್ ವರ್ಲ್ಡ್ ಎಂದು ಹೆಸರು. ಒಂದು ಇಡೀ ಊರನ್ನು ಕಟ್ಟಿ, ಎಲ್ಲಿ ಬೇಕಾದರೂ ಅಲೆದಾಡಿಕೋ ಎಂದು ಆಡುವವರ ಕೈಗೆ ಕೊಟ್ಟುಬಿಡುತ್ತಾರೆ. ಕಥೆಯ ಹಾದಿಯಲ್ಲೇ ನಡೆಯಬೇಕೆಂಬ ಕಟ್ಟುಪಾಡಿಲ್ಲ; ಕಾರು ಹತ್ತಿ ಸಮುದ್ರದ ದಂಡೆಗೆ ಹೋಗಿ ಸುಮ್ಮನೆ ನಿಂತರೂ ಆಯಿತು. ಕೇಳಲು ಚೆಂದ. ಆದರೆ ಎಲ್ಲಿ ಬೇಕಾದರೂ ಹೋಗಬಹುದು ಅಂದಮೇಲೆ ಎಲ್ಲ ಕಡೆಯೂ ಗೋಡೆ ಇರಬೇಕಲ್ಲ. ಯಾರೂ ಕಾಲಿಡದ ಸಂದಿಯಲ್ಲೂ ಒಂದು ಚರಂಡಿ, ಆ ಚರಂಡಿಗೊಂದು ಮುಚ್ಚಳ, ಆ ಮುಚ್ಚಳಕ್ಕೆ ತುಕ್ಕು. ಎರಡು ದಿನ ಕೂತು ಆ ತುಕ್ಕು ಮಾಡಿದವಳಿಗೆ ಮೂರನೇ ದಿನ ಅನ್ನಿಸುತ್ತದೆ, ಇದನ್ನು ಯಾರು ನೋಡುತ್ತಾರೆ? ಆ ಪ್ರಶ್ನೆಯನ್ನು ವರ್ಷಗಟ್ಟಲೆ ಮುಂದಕ್ಕೆ ತಳ್ಳಿಕೊಂಡು ಬಂದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ಪ್ರಶ್ನೆ ಬರುತ್ತಲೇ ಇರಲಿಲ್ಲ. ಆಗೆಲ್ಲ ಪ್ರತಿ ಹೊಸ ಗೇಮಿನಲ್ಲೂ ಏನಾದರೊಂದು ಕಣ್ಣಿಗೆ ಹೊಡೆಯುವಂತೆ ಸುಧಾರಿಸುತ್ತಿತ್ತು. ಒಮ್ಮೆ ನೀರು ನೀರಿನ ಹಾಗೆ ಕಂಡಿತು. ಇನ್ನೊಮ್ಮೆ ಹುಲ್ಲು ಗಾಳಿಗೆ ಬಾಗಿತು. ಟೀಮಿನವರೆಲ್ಲ ಒಬ್ಬರ ಬೆನ್ನ ಹಿಂದೆ ಗುಂಪಾಗಿ ನಿಂತು, ಒಂದು ಕೆಸರಿನ ಹೊಂಡವನ್ನು ಹತ್ತು ನಿಮಿಷ ನೋಡುತ್ತಿದ್ದೆವು. ಈಗ ಹಾಗಲ್ಲ. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು, ಇಲ್ಲಿ ನೋಡಿ, ಈ ನೆರಳಿನ ಅಂಚು ನೋಡಿ ಎಂದು ಬೆರಳಿಟ್ಟು ತೋರಿಸಬೇಕು. ಮೊದಲಿನ ಹತ್ತರಷ್ಟು ದುಡಿಮೆ, ಕಾಣುವ ವ್ಯತ್ಯಾಸ ಇಷ್ಟೇ ಇಷ್ಟು.

ಮನೆ ಇರುವುದು ಬಾಗಲಗುಂಟೆಯಲ್ಲಿ. ನಾಗಸಂದ್ರ ಸ್ಟೇಷನ್ನಿಗೆ ಆಟೋ, ಅಲ್ಲಿಂದ ಹಸಿರು ಲೈನಿನ ಮೆಟ್ರೋ, ಮೆಜೆಸ್ಟಿಕ್ಕಿನಲ್ಲಿ ಇಳಿದು ಜನರ ನಡುವೆ ನುಗ್ಗಿ ನೇರಳೆ ಲೈನು, ಆ ತುದಿಯಲ್ಲಿ ಮತ್ತೆ ಆಟೋ. ಬೆಂಗಳೂರನ್ನು ದಿನಕ್ಕೆರಡು ಸಲ ಈ ಕೊನೆಯಿಂದ ಆ ಕೊನೆಗೆ ದಾಟುತ್ತೇನೆ. ದಾರಿಯುದ್ದಕ್ಕೂ ನನಗೆ ಮನುಷ್ಯರು ಕಾಣುವುದಿಲ್ಲ, ಮೇಲ್ಮೈಗಳು ಕಾಣುತ್ತವೆ. ಕಂಬದ ಮೇಲೆ ಪೋಸ್ಟರ್ ಕಿತ್ತ ಗೋಂದಿನ ಕಲೆ, ರೈಲಿನ ಕಂಬಿ ಹಿಡಿದು ಹಿಡಿದು ಹೊಳಪಾದ ಜಾಗ. ಚೆನ್ನಾಗಿದೆ ಅಂತ ಫೋಟೋ ತೆಗೆಯುತ್ತೇನೆ. ಒಮ್ಮೆ ಒಬ್ಬಾಕೆ ನಾನು ಅವಳ ಕಾಲಿನ ಫೋಟೋ ತೆಗೆದೆ ಎಂದು ಜಗಳಕ್ಕೆ ಬಂದಿದ್ದಳು. ನಾನು ತೆಗೆದದ್ದು ಅವಳ ಪಕ್ಕದ ಎಂಜಲಿನ ಕಲೆಯನ್ನು. ಅದನ್ನು ಹೇಗೆ ಹೇಳುವುದು, ತಪ್ಪಾಯ್ತು ಅಂದು ಸುಮ್ಮನಾದೆ.

ವೈಟ್‌ಫೀಲ್ಡಿನ ಹತ್ತಿರವೇ ಇರಬಹುದಲ್ಲ ಎಂದು ಎಲ್ಲರೂ ಕೇಳುತ್ತಾರೆ. ನಾನೂ ಕೇಳಿದ್ದೆ. ಬ್ರೂಕ್‌ಫೀಲ್ಡಿನಲ್ಲಿ ಒಂದು ಫ್ಲ್ಯಾಟ್ ನೋಡಿಕೊಂಡು ಬಂದು ಅಪ್ಪಾಜಿಗೆ ಹೇಳಿದರೆ, ಅವರು, “ಅಲ್ಲಿ ಒಂದು ಲೇತ್ ಸದ್ದರ ಕೇಳ್ತೈತೇನು?” ಅಂದರು. ಅಲ್ಲಿಗೆ ಆ ಮಾತು ಮುಗಿಯಿತು. ಅವ್ವ ಹೋಗಿ ಆರು ವರ್ಷವಾಯಿತು. ನನಗೆ ಮದುವೆ ಒಂದು ಆಗಿತ್ತು, ಮುಗಿದಿದೆ; ಅದರ ಕಥೆ ಇಲ್ಲಿ ಬೇಡ. ಮನೆಯಲ್ಲಿ ನಾವಿಬ್ಬರೇ.

ಅಪ್ಪಾಜಿ ರಾಣೆಬೆನ್ನೂರು ಕಡೆಯವರು. ಇಪ್ಪತ್ತೆರಡನೇ ವಯಸ್ಸಿಗೆ ಪೀಣ್ಯಕ್ಕೆ ಬಂದು, ಒಂದೇ ಶೆಡ್ಡಿನಲ್ಲಿ ಮೂವತ್ತೇಳು ವರ್ಷ ಗ್ರೈಂಡಿಂಗ್ ಮಷಿನ್ ಮೇಲೆ ನಿಂತವರು. ಲೋಹದ ತುಂಡನ್ನು ಸಾಣೆ ಹಿಡಿದು ಮೈ ನುಣುಪು ಮಾಡುವ ಕೆಲಸ. ಅಳತೆಗೆ ಮೈಕ್ರೋಮೀಟರ್ ಇತ್ತು, ಆದರೆ ನುಣುಪಿಗೆ ಅವರು ನಂಬುತ್ತಿದ್ದುದು ತಮ್ಮ ಬಲಗೈ ತೋರುಬೆರಳಿನ ಉಗುರನ್ನು. ಕಣ್ಣು ಮುಚ್ಚಿ ಉಗುರು ಎಳೆದು, “ಇನ್ನೊಂದು ಕೈ ಬೇಕು” ಎಂದೋ “ಸಾಕು” ಎಂದೋ ಹೇಳುತ್ತಿದ್ದರು. ಮನೆಯಲ್ಲಿ ಹೊಸ ಸ್ಟೀಲ್ ತಟ್ಟೆ ತಂದರೂ ಅದಕ್ಕೆ ಉಗುರಿನ ಪರೀಕ್ಷೆ ಆಗಲೇಬೇಕು. ತಟ್ಟೆಯಲ್ಲಿ ಏನು ಬಡಿಸಿದೆ ಎನ್ನುವುದು ಆಮೇಲಿನ ಮಾತು.

ಇಂಥವರಿಗೆ ನನ್ನ ಕೆಲಸ ಏನೆಂದು ತಿಳಿಸುವುದು ಕಷ್ಟ. ಸೇರಿದ ವರ್ಷ, ಬಹಳ ಹುರುಪಿನಿಂದ ವಿವರಿಸಿದ್ದೆ. ಎಲ್ಲ ಕೇಳಿಸಿಕೊಂಡು, “ಅಂದ್ರ ಕೈಗೆ ಸಿಗೋದು ಏನೂ ಇಲ್ಲ” ಅಂದರು. ಬೈದದ್ದಲ್ಲ, ಹೀಯಾಳಿಸಿದ್ದೂ ಅಲ್ಲ. ಲೆಕ್ಕ ಸರಿಯಾಗಿ ತಿಳಿದುಕೊಂಡೆನೋ ಇಲ್ಲವೋ ಎಂದು ಕೇಳಿದ ಹಾಗಿತ್ತು. ನಾನು ಏನೂ ಇಲ್ಲ ಅಂದೆ. ಆಮೇಲೆ ಅವರು ಆ ವಿಷಯ ಎತ್ತಲಿಲ್ಲ. ನೆಂಟರು ಕೇಳಿದರೆ, “ಕಂಪ್ಯೂಟರ್‌ದಾಗ ಚಿತ್ರ ತೆಗೀತಾಳ” ಎಂದು ಹೇಳಿ ಬೇರೆ ಮಾತಿಗೆ ಹೊರಳುತ್ತಿದ್ದರು.

ಹಾಗೆಂದು ಗೇಮು ಅಂದರೆ ಅವರಿಗೆ ಆಗದು ಅಂತಲ್ಲ. ರಿಟೈರಾದ ಮೇಲೆ, ನನ್ನ ಕಾಲೇಜು ದಿನದ ಹಳೇ ಕಂಪ್ಯೂಟರಿನಲ್ಲಿದ್ದ ಒಂದು ಕಾರಿನ ಗೇಮನ್ನು ಹಿಡಿದುಕೊಂಡಿದ್ದರು. ಊರು ತುಂಬ ಕಾರು ಓಡಿಸಿ, ಪೊಲೀಸರಿಂದ ತಪ್ಪಿಸಿಕೊಂಡು, ಸಿಕ್ಕವರಿಗೆಲ್ಲ ಗುದ್ದಿಕೊಂಡು ಹೋಗುವ ಆಟ ಅದು. ಅಪ್ಪಾಜಿ ಅದರಲ್ಲಿ ಕೆಂಪು ಸಿಗ್ನಲ್‌ಗೆ ನಿಲ್ಲುತ್ತಿದ್ದರು. ಇಂಡಿಕೇಟರ್ ಹಾಕಲು ಯಾವ ಬಟನ್ ಎಂದು ನನ್ನನ್ನು ಕೇಳಿದ್ದರು. ಹಿಂದಿನಿಂದ ಯಾವುದಾದರೂ ಕಾರು ಬಂದು ಗುದ್ದಿದರೆ, “ಲೈಸೆನ್ಸ್ ಕೊಟ್ಟವರಿಗೆ ಬುದ್ಧಿ ಇಲ್ಲ” ಎಂದು ನಿಜವಾಗಿಯೂ ಬೇಸರ ಮಾಡಿಕೊಳ್ಳುತ್ತಿದ್ದರು. ಆ ಗೇಮಿನ ಕಟ್ಟಡಗಳು ಬೆಂಕಿಪೊಟ್ಟಣದ ಹಾಗೆ, ಮರಗಳು ರಟ್ಟಿನ ಹಾಗೆ. ಅವರಿಗೆ ಅದೇನೂ ಅಡ್ಡಿಯಾಗಲಿಲ್ಲ. ದಿನಾ ಸಂಜೆ ಚಹಾ ಕುಡಿದು ಅರ್ಧ ಗಂಟೆ, ಒಂದೂ ತಪ್ಪಿಲ್ಲದೆ ಓಡಿಸಿ, ಕಾರನ್ನು ನೆರಳಿನಲ್ಲಿ ನಿಲ್ಲಿಸಿ ಎದ್ದುಬರುತ್ತಿದ್ದರು.

ಎರಡು ವರ್ಷದ ಹಿಂದೆ ಅವರು ಪೇಪರ್ ಓದುವಾಗ ಪದಗಳ ನಡುವೆ ತೂತು ಬಿದ್ದಿದೆ ಅನ್ನತೊಡಗಿದರು. ಕನ್ನಡಕ ಬದಲಾಯಿಸಿದ್ದಾಯಿತು, ತೂತು ಹೋಗಲಿಲ್ಲ. ಕಣ್ಣಿನ ಡಾಕ್ಟರು ಚಿತ್ರ ತೆಗೆದು ನೋಡಿ, ಕಣ್ಣಿನ ಹಿಂದಿನ ಪರದೆ ನಡುವಿನಲ್ಲಿ ಸವೆಯುತ್ತಿದೆ, ಎರಡೂ ಕಣ್ಣು, ಇಂಜೆಕ್ಷನ್ ಕೊಟ್ಟು ನಿಧಾನ ಮಾಡಬಹುದು, ನಿಲ್ಲಿಸಲಾಗದು ಎಂದರು. ಅಪ್ಪಾಜಿಯನ್ನು ಹೊರಗೆ ಕೂರಿಸಿ ನಾನೊಬ್ಬಳೇ ಮತ್ತೆ ಒಳಗೆ ಹೋಗಿ ಎಷ್ಟು ದಿನ ಅಂತ ಕೇಳಿದೆ.

“ಹೇಳಕ್ಕಾಗಲ್ಲ ಮೇಡಂ,” ಅಂದರು ಡಾಕ್ಟರು. “ಅವರಿಗೆ ತೋರಿಸ್ಬೇಕು ಅನ್ನೋದೇನಾದ್ರೂ ಇದ್ರೆ ಈಗ್ಲೇ ತೋರಿಸ್ಬಿಡಿ. ಆಮೇಲೆ ಅಂತ ಇಟ್ಕೋಬೇಡಿ.”

ಅವರು ಕಾಶಿಯನ್ನೋ, ನೆಂಟರ ಮುಖವನ್ನೋ ಮನಸ್ಸಿನಲ್ಲಿಟ್ಟು ಹೇಳಿರಬೇಕು. ನನಗೆ ಮಾತ್ರ ನೆನಪಾದದ್ದು ನನ್ನ ಶೆಡ್ಡು.

ಅದನ್ನು ವಿವರಿಸಬೇಕು. ಆಗ ನಮ್ಮ ಟೀಮು ಒಂದು ದೊಡ್ಡ ಗೇಮಿಗೆ ಒಂದು ಬಂದರಿನ ಊರನ್ನು ಮಾಡುತ್ತಿತ್ತು. ಊರಂಚಿನಲ್ಲಿ ಪಾಳುಬಿದ್ದ ಒಂದು ವರ್ಕ್‌ಶಾಪ್ ಬೇಕು, ಒಳಗೆ ಏನಿರಬೇಕೆಂದು ನೀವೇ ನೋಡಿಕೊಳ್ಳಿ ಎಂದು ಗಿರಾಕಿ ಕಂಪನಿಯವರು ಬಿಟ್ಟುಕೊಟ್ಟರು. ಹಾಗೆ ಬಿಟ್ಟುಕೊಡುವುದು ಅಪರೂಪ. ನನ್ನ ಹತ್ತಿರ ಅಪ್ಪಾಜಿಯ ಶೆಡ್ಡಿನ ಫೋಟೋಗಳಿದ್ದವು. ಅದು ಮುಚ್ಚಿ ಒಂದು ವರ್ಷವಾದ ಮೇಲೆ, ಯಜಮಾನರು ಅದನ್ನು ಮಾರುವ ಮೊದಲು, ವಾಚ್‌ಮನ್ ಕೈಲಿ ಬಾಗಿಲು ತೆಗೆಸಿ ನೂರಾರು ಫೋಟೋ ತೆಗೆದಿದ್ದೆ. ಬನ್ನಿ ಎಂದು ಅಪ್ಪಾಜಿಯನ್ನೂ ಕರೆದಿದ್ದೆ. “ಮುಚ್ಚಿದ್ದನ್ನ ಏನ್ ನೋಡೋದೈತಿ” ಎಂದು ಅವರು ಬರಲಿಲ್ಲ.

ಆ ಶೆಡ್ಡನ್ನೇ ಇದ್ದಹಾಗೆ ಕಟ್ಟಿದೆ. ಎಡಗೋಡೆಗೆ ಗ್ರೈಂಡಿಂಗ್ ಮಷಿನ್, ಅದರೆದುರು ಅಪ್ಪಾಜಿಯೇ ಬೆಸುಗೆ ಹಾಕಿ ಮಾಡಿಕೊಂಡಿದ್ದ ಮೂರು ಕಾಲಿನ ಸ್ಟೂಲು, ಒಂದು ಗಾಜು ಒಡೆದು ತಗಡು ಹೊಡೆದ ಕಿಟಕಿ. ಸ್ಟೂಲಿನ ಒಂದು ಕಾಲು ಗಿಡ್ಡ, ಅದರ ಕೆಳಗೆ ಒಂದು ವಾಷರ್ ಇಟ್ಟಿದ್ದರು, ಅದನ್ನೂ ಬಿಡಲಿಲ್ಲ. ನಾಲ್ಕು ತಿಂಗಳ ಕೆಲಸ ಅದು. ಅಷ್ಟು ವರ್ಷದಲ್ಲಿ ನನ್ನದು ಎಂದು ಅನ್ನಿಸಿದ್ದು ಅದೊಂದೇ. ಅಪ್ಪಾಜಿಯ ಕಣ್ಣು ಪೂರ್ತಿ ಹೋಗುವ ಮೊದಲು ಅದನ್ನು ಅವರು ನೋಡಬೇಕು, ನೋಡಿ ಇದೂ ಕೆಲಸವೇ ಹೌದು ಅನ್ನಬೇಕು. ನನಗೆ ಬೇಕಾಗಿದ್ದುದು ಅಷ್ಟೇ. ನಲವತ್ತೊಂದು ವರ್ಷದ ಹೆಂಗಸು ಇಷ್ಟಕ್ಕೆ ಆಸೆಪಡುವುದು ಸ್ವಲ್ಪ ನಾಚಿಕೆಯ ವಿಷಯವೇ, ಆದರೂ ಪಟ್ಟೆ.

ಗೇಮು ಬಿಡುಗಡೆಯಾಗುವವರೆಗೆ ಮನೆಯವರಿಗೂ ತೋರಿಸಬಾರದು ಎಂದು ಕಾಗದಕ್ಕೆ ಸಹಿ ಹಾಕಿರುತ್ತೇವೆ. ಬಿಡುಗಡೆ ಮುಂದಕ್ಕೆ ಹೋಯಿತು. ಮತ್ತೊಮ್ಮೆ ಹೋಯಿತು. ಇತ್ತ ಅಪ್ಪಾಜಿಗೆ ತಿಂಗಳಿಗೊಂದು ಇಂಜೆಕ್ಷನ್. ಪ್ರತಿ ಸಲ ಆಸ್ಪತ್ರೆಯಲ್ಲಿ ಚೌಕುಳಿ ಹಾಳೆಯೊಂದನ್ನು ತೋರಿಸಿ ಗೆರೆ ನೆಟ್ಟಗಿದೆಯೇ ಎಂದು ಕೇಳುತ್ತಾರೆ. ಅಪ್ಪಾಜಿ, “ಗೆರಿ ನೆಟ್ಟಗೇ ಇರಬೇಕ್ರಿ, ನನಗ ಸೊಟ್ಟ ಕಾಣ್ತೈತಿ” ಅನ್ನುತ್ತಿದ್ದರು. ಪ್ರಿಂಟ್ ಮಾಡಿದವನ ಮೇಲೆ ತಪ್ಪು ಹೊರಿಸಲು ಅವರಿಗೆ ಮನಸ್ಸಿರಲಿಲ್ಲ.

ಬಿಡುಗಡೆಗೆ ಒಂದು ತಿಂಗಳಿರುವಾಗ ಒಂದು ದಿನ ಮಧ್ಯಾಹ್ನ ಟೀಮ್ ಲೀಡ್ ನನ್ನನ್ನು ಕಾಫಿಗೆ ಕರೆದ. ನನಗಿಂತ ಹತ್ತು ವರ್ಷ ಚಿಕ್ಕವನು, ಒಳ್ಳೆಯವನು, ಕೆಟ್ಟ ಸುದ್ದಿ ಹೇಳುವಾಗ ಮಾತ್ರ ತಾನೇ ಕಾಫಿ ತಂದುಕೊಡುತ್ತಾನೆ. ಕಪ್ ನೋಡಿದೊಡನೆ ನನಗೆ ಗೊತ್ತಾಯಿತು.

“ಈ ಪ್ರಾಜೆಕ್ಟ್ ಆದ್ಮೇಲೆ ನಮ್ ಟೀಮ್ ಇರಲ್ಲ ಅಕ್ಕ,” ಅಂದ. “ಸರ್ಫೇಸ್ ಎಲ್ಲ ಇನ್ಮೇಲೆ ಕಂಪ್ಯೂಟರೇ ಮಾಡತ್ತಂತೆ. ನಿಮ್ಮನ್ನ ಚೆಕಿಂಗ್‌ಗೆ ಹಾಕ್ತಾರೆ. ಅದು ಮಾಡಿದ್ದನ್ನ ನೀವು ನೋಡಿ ಓಕೆ ಮಾಡೋದು.”

“ಅದು ಮಾಡೋದು ಚೆನ್ನಾಗಿರಲ್ಲ,” ಅಂದೆ.

“ಇರಲ್ಲ. ಆದ್ರೆ ಸಾಕು ಅಂತಿದಾರೆ.” ಅವನು ಕಪ್ಪನ್ನು ಪಕ್ಕಕ್ಕಿಟ್ಟ. “ನಿಜ ಹೇಳ್ಲಾ ಅಕ್ಕ? ಗ್ರಾಫಿಕ್ಸ್ ಈಗ ಯಾರಿಗೂ ಬೇಕಾಗಿಲ್ಲ. ಗೇಮ್ ಹಾಕಿದ ತಕ್ಷಣ ಸೆಟಿಂಗ್ಸ್‌ಗೆ ಹೋಗಿ ಡೀಟೇಲ್ಸ್ ಇಳಿಸ್ಕೋತಾರೆ, ಸ್ಪೀಡಾಗಿ ಓಡ್ಲಿ ಅಂತ. ನಾನೂ ಹಂಗೇ ಆಡೋದು.”

“ನೀನೂನಾ?”

“ನಾನೂ. ಸಾರಿ ಅಕ್ಕ.”

ನನಗೆ ನಗು ಬಂತು, ಮತ್ತೆ ಸುಸ್ತಾಯಿತು. ಅವನು ಹೇಳಿದ್ದರಲ್ಲಿ ಹೊಸದೇನಿರಲಿಲ್ಲ. ಹಿಂದಿನ ಗೇಮಿನಲ್ಲಿ ನಾವು ಬಂಡೆಗಳನ್ನು ಎಷ್ಟು ನಿಜವಾಗಿ ಮಾಡಿದ್ದೆವೆಂದರೆ, ಎಲ್ಲಿ ಹಿಡಿದು ಹತ್ತಬೇಕೆಂದು ಆಡುವವರಿಗೆ ತಿಳಿಯಲಿಲ್ಲ. ನಿಜವಾದ ಬಂಡೆಯಲ್ಲೂ ತಿಳಿಯುವುದಿಲ್ಲವಲ್ಲ. ಕೊನೆಗೆ ಹತ್ತಬೇಕಾದ ಕಡೆಯೆಲ್ಲ ಹಳದಿ ಪೇಂಟ್ ಬಳಿಯಿರಿ ಎಂದು ಆದೇಶ ಬಂತು. ಆರು ತಿಂಗಳು ಬಿಡಿಸಿದ ಕಲ್ಲಿನ ಮೇಲೆ ಒಂದೇ ವಾರದಲ್ಲಿ ಹಳದಿ ಬಳಿದು ಕೊಟ್ಟೆವು. ಪೇಂಟ್ ಹೊಸದಾಗಿ ಕಾಣುತ್ತಿದೆ, ಅದಕ್ಕೂ ಸ್ವಲ್ಪ ಕೊಳೆ ಹಚ್ಚಿ ಎಂದರು. ಹಚ್ಚಿದೆವು.

ಅಂತೂ ಗೇಮು ಬಿಡುಗಡೆಯಾಯಿತು. ಲೀಡ್ ತನ್ನ ಗೇಮಿಂಗ್ ಡಬ್ಬಿಯನ್ನೇ ಎರಡು ವಾರಕ್ಕೆ ಕೊಟ್ಟ. ಭಾನುವಾರ ಬೆಳಿಗ್ಗೆ, ಅಪ್ಪಾಜಿ ಸ್ನಾನ ಮುಗಿಸಿ ವಿಭೂತಿ ಹಚ್ಚಿಕೊಂಡು ಇಷ್ಟಲಿಂಗದ ಪೂಜೆ ಮಾಡಿ, ಅವಲಕ್ಕಿ ತಿಂದ ಮೇಲೆ, ಟೀವಿಯ ಮುಂದೆ ಮೂರಡಿ ದೂರದಲ್ಲಿ ಕುರ್ಚಿ ಹಾಕಿಕೊಟ್ಟೆ. ಇದು ನಾವು ಮಾಡಿದ ಊರು, ನೀವೇ ಕಾರು ಓಡಿಸಿ ಎಂದು ರಿಮೋಟಿನಂಥದ್ದನ್ನು ಕೈಗೆ ಕೊಟ್ಟೆ. ಶೆಡ್ಡಿನ ಸುದ್ದಿ ಹೇಳಲಿಲ್ಲ. ತಾವೇ ಗುರುತು ಹಿಡಿಯಲಿ ಎಂದು.

ಮಳೆ ನಿಂತ ರಸ್ತೆ, ಎರಡೂ ಕಡೆ ಅಂಗಡಿ ದೀಪ, ದೀಪದ ಬಿಂಬ ನೀರಿನಲ್ಲಿ, ಬಿಂಬದ ಬಿಂಬ ಕಾರಿನ ಗಾಜಿನಲ್ಲಿ. ಬಹಳ ಜನ ಬಹಳ ದಿನ ಕಣ್ಣು ಕೆಂಪು ಮಾಡಿಕೊಂಡು ಮಾಡಿದ ರಸ್ತೆ ಅದು. ಅಪ್ಪಾಜಿ ಕಾರನ್ನು ನಡುರಸ್ತೆಯಲ್ಲಿ ನಿಲ್ಲಿಸಿಕೊಂಡು ಕೂತರು.

“ಯಾಕ್ರಿ ನಿಲ್ಲಿಸಿದ್ರಿ?”

“ಸಿಗ್ನಲ್ ಎಲ್ಲೈತಿ ಗೊತ್ತಾಗವಲ್ದು. ಎಲ್ಲಾ ಕಡೆ ಕೆಂಪು ಐತಿ.”

ಸಿಗ್ನಲ್ ಅಲ್ಲೇ ಇತ್ತು. ಅದರ ಕೆಂಪು, ಅಂಗಡಿಯ ಕೆಂಪು, ಮುಂದಿನ ಕಾರಿನ ಕೆಂಪು, ಅವುಗಳ ಬಿಂಬ ಎಲ್ಲ ಸೇರಿ ಅವರ ಕಣ್ಣಿಗೆ ಒಂದು ಕಲಸಿದ ರಾಶಿಯಾಗಿತ್ತು. “ಚೆಂದ ಐತಿ,” ಅಂದರು, ನನಗೆ ಬೇಜಾರಾಗಬಾರದೆಂದು. “ಆದರ ಏನೂ ಕಾಣಂಗಿಲ್ಲ.” ನಾನೇ ಓಡಿಸುತ್ತೇನೆ ಎಂದು ತೆಗೆದುಕೊಂಡು, ಊರಂಚಿಗೆ ಕರೆದೊಯ್ದು, ಶೆಡ್ಡಿನ ಬಾಗಿಲು ನೂಕಿ ಒಳಗೆ ನಿಲ್ಲಿಸಿದೆ.

ಮೊದಲು ಅವರಿಗೆ ಏನೂ ತಿಳಿಯಲಿಲ್ಲ. ಕುರ್ಚಿಯಿಂದ ಎದ್ದು ಟೀವಿಯ ಹತ್ತಿರ ಹೋದರು. ಮೂಗು ತಾಗುವಷ್ಟು ಹತ್ತಿರ ನಿಂತು ಮುಖವನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ಸರಿಸಿದರು. ಸ್ಟೂಲು ಕಂಡ ಕಡೆ ಮುಖ ನಿಲ್ಲಿಸಿದರು.

“ಇದು ನಂದು,” ಅಂದರು.

“ಹೌದ್ರಿ ಅಪ್ಪಾಜಿ.”

“ನಮ್ಮ ಶೆಡ್ಡು ಹೌದಿಲ್ಲೋ?”

“ಹೌದ್ರಿ. ನಾ ಮಾಡೇನಿ.”

ಅವರು ಮತ್ತೆ ನೋಡಿದರು. ಗ್ರೈಂಡಿಂಗ್ ಮಷಿನ್ನಿನ ಮೈಮೇಲೆ ತುಕ್ಕಿನ ಪೊರೆ, ನೆಲದ ಮೇಲೆ ಅಂಟುಅಂಟು ಎಣ್ಣೆ, ಕಿಟಕಿಯ ತಗಡಿನಿಂದ ಇಳಿದ ಕಂದು ನೀರು, ಸ್ಟೂಲಿನ ಸೀಟಿನ ಮೇಲೆ ಹಕ್ಕಿಯ ಹಿಕ್ಕೆ. ಅದೆಲ್ಲ ಫೋಟೋದಲ್ಲಿ ಇದ್ದದ್ದಕ್ಕಿಂತ ಹೆಚ್ಚೇ ಇತ್ತು, ಯಾಕೆಂದರೆ ಮೊದಲ ಸಲ ತೋರಿಸಿದಾಗ ಕ್ಲೀನಾಗಿದೆ, ಸುಳ್ಳು ಅನ್ನಿಸುತ್ತದೆ ಎಂದು ಗಿರಾಕಿ ಕಂಪನಿಯವರು ವಾಪಸ್ ಕಳಿಸಿದ್ದರು. ನಾನು ಮೂರು ಸುತ್ತು ಕೊಳೆ ಹಚ್ಚಿದ್ದೆ. ಮೂರನೇ ಸುತ್ತಿಗೆ ಮೆಚ್ಚುಗೆಯ ಮೇಲ್ ಬಂದಿತ್ತು.

“ಯಾಕ ಯಾರೂ ಒರಿಸಿಲ್ಲ?” ಎಂದು ಕೇಳಿದರು ಅಪ್ಪಾಜಿ.

ನಾನು ಏನೋ ಹೇಳಿದೆ. ಇದು ಪಾಳುಬಿದ್ದ ಶೆಡ್ಡು, ಕಥೆಯಲ್ಲಿ ಹಾಗಿದೆ, ಹೀಗಿದ್ದರೇ ನಿಜ ಅನ್ನಿಸುವುದು. ಅವರು ಕೇಳಿಸಿಕೊಂಡರು.

“ನಾವು ಹಿಂಗ ಇಟ್ಕೊಂಡಿದ್ದಿಲ್ಲ,” ಅಂದರು. “ಶನಿವಾರ ಮಧ್ಯಾಹ್ನ ಮಷಿನ್ ಬಂದ್ ಮಾಡಿ, ಸೀಮೆಎಣ್ಣಿ ಹಚ್ಚಿ ಒರಿಸಿನ ಮನಿಗೆ ಬರ್ತಿದ್ವಿ. ಮೂವತ್ತೇಳು ವರ್ಷ.” ಟೀವಿಯ ಕಡೆ ಕೈ ತೋರಿಸಿ, “ಇದನ್ನ ಹೊರಗಿನ ಮಂದಿ ಎಲ್ಲಾ ನೋಡ್ತಾರೇನು?”

“ನೋಡ್ತಾರ್ರಿ.”

“ಅಲ್ಲಿ ನಾ ಕುಂದರ್ತಿದ್ದೆ ಅಂತ ಯಾರ ಮುಂದೂ ಹೇಳಬ್ಯಾಡವ್ವಾ.”

ಹಾಗಂದು ಒಳಗೆ ಹೋಗಿ ಮಲಗಿದರು. ಆಗ ಬೆಳಿಗ್ಗೆ ಹತ್ತೂವರೆ.

ನಿಜ ಹೇಳಬೇಕೆಂದರೆ ನನಗೆ ಮೊದಲು ಬಂದದ್ದು ಸಿಟ್ಟು. ನಾಲ್ಕು ತಿಂಗಳ ಕೆಲಸ, ಎರಡು ವರ್ಷದ ಕಾಯುವಿಕೆ, ಕೊನೆಗೆ ಒರೆಸಿಲ್ಲ ಎಂಬ ದೂರು. ಫೋಟೋದಲ್ಲಿ ಇದ್ದದ್ದನ್ನೇ ತಾನೇ ಮಾಡಿದ್ದು? ಮರುದಿನದಿಂದ ಮೆಟ್ರೋದಲ್ಲಿ ಮನಸ್ಸಿನೊಳಗೇ ಅವರ ಜೊತೆ ವಾದ ಮಾಡಿದೆ. ವಾದದಲ್ಲಿ ನಾನೇ ಗೆಲ್ಲುತ್ತಿದ್ದೆ. ಆಫೀಸಿನಲ್ಲಿ ಬಿಡುವಿನ ಹೊತ್ತು, ಬೇರೆಯವರು ಈ ಗೇಮು ಆಡಿ ಹಾಕಿದ ವಿಡಿಯೋಗಳನ್ನು ನೋಡಿದೆ. ಒಬ್ಬ ಶೆಡ್ಡಿನೊಳಗೆ ಓಡಿಬಂದ, ಮೂಲೆಯ ಪೆಟ್ಟಿಗೆಯಿಂದ ಗುಂಡುಗಳನ್ನು ತೆಗೆದುಕೊಂಡ, ಓಡಿಹೋದ. ಇನ್ನೊಬ್ಬನೂ ಅಷ್ಟೇ. ಮೂರನೆಯವನು ಸ್ಟೂಲಿಗೆ ಎಡವಿ, ಅದನ್ನು ಒದ್ದು ಹೋದ. ಇಷ್ಟು ಜನರಲ್ಲಿ ಅಲ್ಲಿ ನಿಂತು ನೋಡಿದವರು ಒಬ್ಬರೇ, ಅವರಿಗೆ ಕಣ್ಣು ಕಾಣುತ್ತಿರಲಿಲ್ಲ.

ವಾದ ನಿಂತದ್ದು ಗುರುವಾರ, ದಾಸರಹಳ್ಳಿ ದಾಟುವಾಗ. ರೈಲಿನ ಕಿಟಕಿಯಿಂದ ಕೆಳಗಿನ ಶೆಡ್ಡುಗಳ ಶೀಟುಗಳು ಕಾಣುತ್ತವೆ. ಅವುಗಳನ್ನು ನೋಡುತ್ತಿದ್ದವಳಿಗೆ, ಚಿಕ್ಕವಳಿದ್ದಾಗ ಆಯುಧಪೂಜೆಯ ದಿನ ಅವ್ವನ ಜೊತೆ ಅಪ್ಪಾಜಿಯ ಶೆಡ್ಡಿಗೆ ಹೋಗುತ್ತಿದ್ದುದು ನೆನಪಾಯಿತು. ಬಿಳಿ ಸಾಕ್ಸಿನಲ್ಲಿ ಆ ನೆಲದ ಮೇಲೆ ಓಡಾಡಿದರೂ ಕಲೆಯಾಗುತ್ತಿರಲಿಲ್ಲ. ಮಷಿನ್ನಿನ ಮೈಯಲ್ಲಿ ನನ್ನ ಮುಖ ಕಾಣುತ್ತಿತ್ತು, ಅಪ್ಪಾಜಿ ಎತ್ತಿ ತೋರಿಸುತ್ತಿದ್ದರು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಅವರು ಬಿಟ್ಟುಬಂದ ಮೇಲೆ ಬಿದ್ದ ಕೊಳೆಯನ್ನೇ ನಾನು ಅವರ ಶೆಡ್ಡು ಅಂದುಕೊಂಡೆ. ಕೊಳೆಯಿದ್ದರೇ ನಿಜ, ಸ್ವಚ್ಛವಿದ್ದರೆ ಸುಳ್ಳು ಎಂದು ಹದಿನೈದು ವರ್ಷ ದುಡಿದ ಕಣ್ಣಿಗೆ ಬೇರೇನೂ ಹೊಳೆಯಲಿಲ್ಲ. ಸಿಟ್ಟು ಹೋಗಿ ನಾಚಿಕೆ ಬಂತು. ಯಶವಂತಪುರ ಬರುವಷ್ಟರಲ್ಲಿ ಕಣ್ಣೀರೂ ಬಂತು, ಪಕ್ಕದವರು ಸೀಟು ಬಿಟ್ಟುಕೊಟ್ಟರು.

ಗೇಮಿನೊಳಗಿನ ಶೆಡ್ಡು ನನ್ನ ಕೈಯಲ್ಲಿರಲಿಲ್ಲ. ಅದು ಲೋಕಕ್ಕೆಲ್ಲ ಹೋಗಿಯಾಗಿತ್ತು, ಇನ್ನು ಎಂದೆಂದಿಗೂ ಕೊಳೆಯಾಗಿಯೇ ಇರುತ್ತದೆ. ಆದರೆ ಫೋಟೋಗಳು ನನ್ನವು. ಮುಂದಿನ ಭಾನುವಾರದಿಂದ ಮನೆಯ ಲ್ಯಾಪ್‌ಟಾಪಿನಲ್ಲಿ ಮೊದಲಿನಿಂದ ಕಟ್ಟತೊಡಗಿದೆ. ತುಕ್ಕಿನ ಕೆಳಗೆ ಯಾವ ಬಣ್ಣವಿತ್ತೆಂದು ಒಂದೊಂದೇ ಜಾಗ ಹುಡುಕಿ ತೆಗೆಯಬೇಕು. ಬಳಿಯುವುದಕ್ಕಿಂತ ಅದು ಕಷ್ಟ. ಒಂದೇ ಒಂದು ಸಲ, ಮಾತಿನ ನಡುವೆ, ಮಷಿನ್ನಿನ ಬಣ್ಣ ಯಾವುದಿತ್ತು ಎಂದು ಅಪ್ಪಾಜಿಯನ್ನು ಕೇಳಿದೆ. “ತಿಳಿ ಹಸರು. ಹೆಸರುಬ್ಯಾಳಿ ತೊಳದ ನೀರು ಇರ್ತೈತಲಾ, ಹಂಗ,” ಅಂದರು. ಯಾಕೆ ಎಂದು ಅವರು ಕೇಳಲಿಲ್ಲ.

ವಾರದ ದಿನಗಳಲ್ಲಿ ಆಫೀಸಿನಲ್ಲಿ ಹೊಸ ಕೆಲಸ ಶುರುವಾಗಿತ್ತು. ಕಂಪ್ಯೂಟರು ಒಂದೇ ನಿಮಿಷದಲ್ಲಿ ಮಾಡಿದ ನಲವತ್ತು ಗೋಡೆಗಳನ್ನು ನೋಡಿ, ಸರಿ, ಸರಿ, ಸರಿ ಎಂದು ಒತ್ತುವುದು. ಎಲ್ಲವೂ ಹೆಚ್ಚುಕಡಿಮೆ ಚೆನ್ನಾಗಿಯೇ ಇರುತ್ತವೆ. ಸಂಜೆ ಮನೆಗೆ ಬಂದರೆ ಅನ್ನ ಮಾಡಲೂ ಮೈ ಬಗ್ಗುತ್ತಿರಲಿಲ್ಲ. ಎರಡು ಭಾನುವಾರ ಮಲಗಿಯೇ ಕಳೆದೆ. ಆ ಎರಡು ಭಾನುವಾರಕ್ಕೆ ಈಗಲೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ, ಯಾಕೆಂದರೆ ಅಷ್ಟರಲ್ಲಿ ಅಪ್ಪಾಜಿ ಹಾಲಿನ ಪ್ಯಾಕೆಟ್ಟನ್ನು ಕಟ್ಟೆಯ ಮೇಲಿಡಲು ಹೋಗಿ ಕಟ್ಟೆಯ ಆಚೆ ಬಿಡತೊಡಗಿದ್ದರು.

ಮುಗಿದಾಗ ಅದನ್ನು ನಾನೇ ದೂರದಿಂದ ನೋಡಿದೆ. ನಮ್ಮ ಕಸುಬಿನ ಅಳತೆಯಲ್ಲಿ ಅದು ತೀರ ಕಳಪೆ. ಚಪ್ಪಟೆ ಬಣ್ಣ, ಬರಿ ನೆಲ, ಒಂದೇ ಕಡೆಯಿಂದ ಬಿದ್ದ ಬೆಳಕು. ಇಪ್ಪತ್ತು ವರ್ಷದ ಹಿಂದಿನ ಗೇಮಿನಿಂದ ಕಿತ್ತು ತಂದ ಹಾಗಿತ್ತು. ಕೆಲಸ ಕೇಳಿಕೊಂಡು ಬಂದ ಹೊಸಬರು ಇಂಥದ್ದನ್ನು ತೋರಿಸಿದ್ದರೆ ನಾನೇ ನಯವಾಗಿ ವಾಪಸ್ ಕಳಿಸುತ್ತಿದ್ದೆ. ಅಪ್ಪಾಜಿಯನ್ನು ಊಟದ ಮೇಜಿನ ಮುಂದೆ ಕೂರಿಸಿ, ಲ್ಯಾಪ್‌ಟಾಪನ್ನು ಅವರೆದುರು ಇಟ್ಟು, ಪಕ್ಕದಲ್ಲಿ ನಿಂತೆ.

ಅವರು ಒಂದು ಗಳಿಗೆ ನೋಡಿ ಮುಖವನ್ನು ಅಡುಗೆಮನೆಯ ಕಡೆ ತಿರುಗಿಸಿಬಿಟ್ಟರು. ಹಾಗೆಯೇ ಕೂತರು. ತಡವಾಯಿತು ಅಂದುಕೊಂಡೆ. ಮುಚ್ಚಿಬಿಡೋಣ ಎಂದು ಕೈ ಚಾಚಿದೆ.

“ತಡಿ,” ಅಂದರು. “ನೋಡಾಕ್ಹತ್ತೀನಿ.”

“ಆ ಕಡೆ ನೋಡ್ತಿದ್ದೀರಲ್ರಿ.”

“ನೆಟ್ಟಗ ನೋಡಿದ್ರ ಹೋಗಿಬಿಡ್ತೈತಿ. ವಾರಿ ಮಾಡಿ ನೋಡಿದ್ರ ಬರ್ತೈತಿ.”

ಅಡುಗೆಮನೆಯ ಬಾಗಿಲ ಕಡೆ ಮುಖ ಮಾಡಿಕೊಂಡೇ, ಕಣ್ಣಂಚಿನಲ್ಲಿ, ಅವರು ಬಹಳ ಹೊತ್ತು ನೋಡಿದರು. ಗ್ರೈಂಡರು ಅಂದರು. ಕಿಟಕಿ ಅಂದರು. ತಗಡು, ಸ್ಟೂಲು. ಒಂದೊಂದಕ್ಕೂ ನಡುವೆ ಸಾಕಷ್ಟು ಸಮಯ ಹಿಡಿಯುತ್ತಿತ್ತು. ಆಮೇಲೆ ಕೇಳಿದರು, “ಯಾರು ಒರಿಸಿದ್ರು?”

“ನಾನೇ.”

“ಒಬ್ಬಾಕೀನ?”

“ಒಬ್ಬಾಕೀನ್ರಿ.”

“ಎಷ್ಟು ದಿನ ಹಿಡೀತು?”

“ಏಳು ಭಾನುವಾರ. ಅದರಾಗ ಎರಡು ಮಲಗಿದ್ದೆ.”

ಅವರು ತಲೆಯಾಡಿಸಿದರು. ಮುಖ ಇನ್ನೂ ಆ ಕಡೆಗೇ ಇತ್ತು. ಮೇಜಿನ ಮೇಲೆ ತಡವರಿಸಿ ನನ್ನ ಬಲಗೈ ಹುಡುಕಿ ಹಿಡಿದುಕೊಂಡು, ಮಣಿಕಟ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಶೆಡ್ಡಿನಲ್ಲಿ ಪಕ್ಕದ ಮಷಿನ್ನಿನವನನ್ನು ಕೇಳುವ ದನಿಯಲ್ಲಿ ಕೇಳಿದರು.

“ಕೈ ನೋಯ್ತೈತೇನು?”

ಹದಿನೈದು ವರ್ಷದಲ್ಲಿ ಮನೆಯಲ್ಲಿ ಯಾರೂ ಕೇಳದಿದ್ದ ಮಾತು ಅದು.

“ನೋಯ್ತೈತ್ರಿ ಅಪ್ಪಾಜಿ,” ಅಂದೆ. “ಭಾಳ ನೋಯ್ತೈತಿ.”